ಹುಬ್ಬುಗಂಟಿಗೆ ಮದ್ದು

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಹುಬ್ಬು ಗಂಟಿಕ್ಕು’ ಎಂಬ ಮಾತುಂಟು. ಈ ಮಾತನ್ನು ಮೊದಲು ಕಟ್ಟಿದವರು ಯಾರೋ ತಿಳಿಯದು. ಆದರೆ ಅವರು ಮನುಷ್ಯನ ಮುಖವನ್ನು ಚೆನ್ನಾಗಿ ನೋಡಿದವರೆಂಬುದರಲ್ಲಿ ಸಂದೇಹವಿಲ್ಲ. ಸಿಟ್ಟು ಬಂದಾಗ, ದುಃಖವಾದಾಗ, ಲೆಕ್ಕ ಕೂಡಿಬರದಿದ್ದಾಗ, ಬಿಸಿಲು ಕಣ್ಣಿಗೆ ಹೊಡೆದಾಗ ಹುಬ್ಬುಗಳೆರಡೂ ನಡುವಿಗೆ ಸರಿದು ಅಲ್ಲಿಯ ಚರ್ಮ ಮಡಿಚಿಕೊಳ್ಳುತ್ತದೆ. ಹರೆಯದಲ್ಲಿ ಹಾಕಿದ ಗಂಟು ಒಡನೆಯೆ ಬಿಚ್ಚಿಕೊಳ್ಳುತ್ತದೆ. ವಯಸ್ಸು ನಲವತ್ತು ದಾಟಿದ ಮೇಲೆ ಅದು ಬಿಚ್ಚಿಕೊಳ್ಳಲು ಒಪ್ಪದೆ ಅಲ್ಲಿಯೇ ಒಂದೆರಡು ಗೆರೆಗಳಾಗಿ ನಿಂತುಬಿಡುತ್ತದೆ. ‘ನರೆ ತೆರೆ’ ಎಂದು ಜೋಡಿಯಾಗಿ ಹೇಳುತ್ತೇವಲ್ಲ, ಅದರಲ್ಲಿ ತೆರೆಯ ಪಾಲಿಗೆ ಸೇರಿದ್ದು ಇದು.

ಈ ಗಂಟನ್ನು ಬಿಚ್ಚುವ ಸೂಜಿಮದ್ದೊಂದು ಈಗ ನಮ್ಮ ಪಟ್ಟಣಗಳಿಗೂ ಬಂದಿದೆ. ಬೊಟುಲಿನಮ್ ಟಾಕ್ಸಿನ್ ಎಂಬುದು ಅದರ ಶಾಸ್ತ್ರೀಯ ನಾಮ. ವನಸ್ಪತಿಗೆಲ್ಲ ನಾವು ಡಾಲ್ಡಾ ಎಂದಂತೆ, ಬೊಟಾಕ್ಸ್ ಎಂಬ ಒಂದು ತಯಾರಿಕೆಯ ಹೆಸರು ಈ ಮದ್ದಿನ ಜಾತಿಗೆಲ್ಲ ರೂಢಿಯಾಗಿದೆ. ಟಾಕ್ಸಿನ್ ಎಂದರೆ ನಂಜು. ನಂಜನ್ನು ಮದ್ದೆನ್ನಬಹುದೆ ಎಂದು ಕೇಳಿದರೆ ಕನ್ನಡ ಭಾಷೆ ಧಾರಾಳವಾಗಿ ಒಪ್ಪುತ್ತದೆ. ‘ಮದ್ದು ಕೊಟ್ಟರು’ ಎಂದರೆ ವೈದ್ಯರು ಔಷಧ ಕೊಟ್ಟರೆಂದು ಅರ್ಥ. ಕ್ರಿಯಾಪದವನ್ನು ತುಸು ಬದಲಿಸಿ ‘ಮದ್ದು ಹಾಕಿದರು’ ಎಂದರೆ ಹಗೆಯವರು ಅನ್ನದಲ್ಲಿ ಏನನ್ನೋ ಬೆರೆಸಿದರೆಂದು ಹಳ್ಳಿಯವರು ಬೆಚ್ಚುತ್ತಾರೆ. ನಾನು ಹೇಳಹೊರಟಿರುವ ವಸ್ತುವಿಗೆ ಈ ಎರಡು ಮುಖದ ಪದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ತಾವು ಕೇಳಬಹುದು. ನಾನು ಈ ಮದ್ದಿನ ಋಣದಲ್ಲಿರುವವನು. ಕೆಲವು ವರ್ಷಗಳ ಹಿಂದೆ ನನ್ನ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳತೊಡಗಿದವು. ಕಣ್ಣಿನ ದೃಷ್ಟಿಗೆ ಏನೂ ಆಗಿರಲಿಲ್ಲ. ರೆಪ್ಪೆ ತೆರೆದರೆ ಎಲ್ಲವೂ ಕಾಣುತ್ತಿತ್ತು. ತೆರೆಯುವುದೇ ನನ್ನ ಕೈಯಲ್ಲಿರಲಿಲ್ಲ. ಪುಸ್ತಕ ಹಿಡಿದು ಎರಡು ಸಾಲು ಓದುವಷ್ಟರಲ್ಲಿ ಯಾರೋ ಬಾಗಿಲು ಹಾಕಿಕೊಂಡು ಹೋದಂತಾಗುತ್ತಿತ್ತು. ನಡುರಸ್ತೆಯಲ್ಲಿ ಕಣ್ಣು ಮುಚ್ಚಿ ನಿಂತು, ಬಸ್ಸಿನವನಿಂದ ಬೈಗುಳ ತಿಂದದ್ದೂ ಉಂಟು. ಬ್ಲೆಫರೋಸ್ಪಾಸಂ ಎಂದು ಅದರ ಹೆಸರು. ಕಣ್ಣಿನ ವೈದ್ಯರು ರೆಪ್ಪೆಗಳ ಅಂಚಿನ ಸುತ್ತ ಕೂದಲೆಳೆಯಂಥ ಸೂಜಿಯಿಂದ ನಾಲ್ಕಾರು ಕಡೆ ಈ ಮದ್ದನ್ನು ಹಾಕಿದರು. ನಾಲ್ಕನೆಯ ದಿನ ಬೆಳಗ್ಗೆ ನಾನು ವೃತ್ತಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಟೆಂಡರ್ ಪ್ರಕಟಣೆಗಳನ್ನೂ ಬಿಡಲಿಲ್ಲ.

ಈ ಮದ್ದಿನ ಬಲ ಸುಮಾರು ಮೂರು ತಿಂಗಳು. ಎರಡನೆಯ ಸಲ ಹೋದಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ನಮಸ್ಕರಿಸಿದಳು. ಈಗ ಆಕೆ ಬ್ಯಾಂಕೊಂದರಲ್ಲಿ ಅಧಿಕಾರಿ, ನಲವತ್ತೈದರ ಆಸುಪಾಸಿನವಳು.

“ಏನಮ್ಮ, ನೀನಿಲ್ಲಿ? ಮೈಗೆ ಹುಷಾರಿಲ್ಲವೇ?” ಎಂದೆ.

“ಹುಷಾರಾಗಿದ್ದೇನೆ ಸಾರ್” ಎಂದು ತುಸು ಸಂಕೋಚದಿಂದ ಹುಬ್ಬುಗಳ ನಡುವೆ ಬೆರಳಿಟ್ಟು ತೋರಿಸಿದಳು. “ಇದಕ್ಕೆ ಬಂದೆ. ಚರ್ಮದ ಡಾಕ್ಟರ ಹತ್ತಿರ.”

ನನಗೆ ಒಳಗೊಳಗೇ ಬೇಸರವಾಯಿತು. ಹಳಗನ್ನಡ ಕಾವ್ಯವನ್ನು ಅಷ್ಟು ಚೆನ್ನಾಗಿ ಓದುತ್ತಿದ್ದ ಹುಡುಗಿ ಸಿನಿಮಾ ತಾರೆಯರ ಚಪಲಕ್ಕೆ ಬಿದ್ದಳಲ್ಲ ಎಂದುಕೊಂಡೆ. ಬಾಯಲ್ಲಿ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ನೋಡಿ ಸಾರ್, ನಿಮ್ಮ ಹುಬ್ಬು ಈಗಲೂ ಹಾಗೆಯೇ ಇದೆ” ಎಂದು ಆಕೆ ನಕ್ಕಳು. “ತರಗತಿಯಲ್ಲಿ ಉತ್ತರ ಸರಿಯೋ ತಪ್ಪೋ ಎಂದು ನಾವು ನಿಮ್ಮ ಹುಬ್ಬು ನೋಡಿಯೇ ತಿಳಿಯುತ್ತಿದ್ದೆವು. ನಿಮ್ಮದನ್ನು ಓದಿದರೆ ಅರ್ಥ ಸರಿಯಾಗಿ ಸಿಗುತ್ತಿತ್ತು. ನನ್ನದನ್ನು ಎಲ್ಲರೂ ತಪ್ಪು ಓದುತ್ತಾರೆ.”

ಅವಳ ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದರಂತೆ. ಹಗಲು ಬ್ಯಾಂಕು, ರಾತ್ರಿ ಶುಶ್ರೂಷೆ. ತಾಯಿ ತೀರಿಕೊಂಡು ಎರಡು ವರ್ಷವಾದರೂ ಆಗ ಹಾಕಿಕೊಂಡ ಹುಬ್ಬುಗಂಟು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಕೌಂಟರಿಗೆ ಬಂದವರು ‘ಮೇಡಂಗೆ ಯಾಕೋ ಕೋಪ’ ಎನ್ನುತ್ತಾರೆ. ಮನೆಯಲ್ಲಿ ಮಗ ‘ಏನಮ್ಮ ಆಯಿತು?’ ಎಂದು ದಿನವೂ ಕೇಳುತ್ತಾನೆ. “ಏನೂ ಆಗಿಲ್ಲ ಎಂದು ಹೇಳಿ ಹೇಳಿ ನಿಜವಾಗಿಯೂ ಕೋಪ ಬರುತ್ತದೆ ಸಾರ್” ಎಂದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಮನೆಗೆ ಬಂದು ಈ ಮದ್ದಿನ ಪೂರ್ವಕಥೆಯನ್ನು ಓದಿದೆ. ಮೊದಲ ಅಧ್ಯಾಯದಲ್ಲಿಯೇ ಒಬ್ಬ ಕವಿ ಎದುರಾದ. ಜರ್ಮನಿಯ ದಕ್ಷಿಣದ ವುರ್ಟೆಂಬರ್ಗ್ ನಾಡಿನ ಯೂಸ್ಟಿನುಸ್ ಕೆರ್ನರ್ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಕವಿ. ಹುಟ್ಟಿದ್ದು 1786ರಲ್ಲಿ, ತೀರಿಕೊಂಡದ್ದು 1862ರಲ್ಲಿ. ಅವನ ಹನ್ನೆರಡು ಕವಿತೆಗಳಿಗೆ ಸಂಗೀತಗಾರ ಶೂಮನ್ 1840ರಲ್ಲಿ ರಾಗ ಸಂಯೋಜಿಸಿದ. ಅವನ್ನು ಇಂದಿಗೂ ಹಾಡುತ್ತಾರೆ. ಕೆರ್ನರನ ಕಾಲದಲ್ಲಿ ಆ ಸೀಮೆಯಲ್ಲಿ ಜನ ಒಂದು ವಿಚಿತ್ರ ರೋಗಕ್ಕೆ ತುತ್ತಾಗುತ್ತಿದ್ದರು. ಕರುಳಿನ ಚೀಲದಲ್ಲಿ ಮಾಂಸ ತುಂಬಿ, ಹೊಗೆಗೆ ಕಟ್ಟಿ ಇಡುವ ಸಾಸೇಜ್ ಎಂಬ ತಿನಿಸು ಕೆಟ್ಟಿದ್ದಾಗ ಅದನ್ನು ತಿಂದವರ ರೆಪ್ಪೆ ಜೋತುಬೀಳುವುದು, ಬಾಯಿ ಒಣಗುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಬುದ್ಧಿ ಮಾತ್ರ ಕೊನೆಯವರೆಗೂ ತಿಳಿಯಾಗಿರುವುದು. ಕೆರ್ನರ್ 1822ರ ತನ್ನ ಗ್ರಂಥದಲ್ಲಿ ಇಂಥ 155 ರೋಗಿಗಳ ವೃತ್ತಾಂತವನ್ನು ಬರೆದಿಟ್ಟ. ಕೆಟ್ಟ ಸಾಸೇಜಿನಿಂದ ಸಾರ ತೆಗೆದು ಪ್ರಾಣಿಗಳಿಗೆ ಕೊಟ್ಟು ನೋಡಿದ; ಅಷ್ಟಕ್ಕೆ ತೃಪ್ತನಾಗದೆ ತಾನೂ ತುಸು ನೆಕ್ಕಿ ನೋಡಿದ. ಈ ನಂಜು ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆಂದು ಊಹಿಸಿ, ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಕೈಕಾಲು ಅಂಕೆಯಿಲ್ಲದೆ ಕುಣಿಯುವ ರೋಗಗಳಿಗೆ ಇದೇ ಔಷಧವಾದೀತೆಂದು ಸೂಚಿಸಿದ. ಸೂಕ್ಷ್ಮಜೀವಿಗಳೆಂಬುವು ರೋಗ ತರುತ್ತವೆಂಬುದೇ ಜಗತ್ತಿಗೆ ತಿಳಿಯದಿದ್ದ ಕಾಲದಲ್ಲಿ ಆಡಿದ ಮಾತು ಇದು.

ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ‘ಬೊಟುಲುಸ್’ ಎನ್ನುತ್ತಾರೆ. ರೋಗಕ್ಕೆ ಬೊಟುಲಿಸಂ ಎಂಬ ಹೆಸರು ಬಂದದ್ದು ಹೀಗೆ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್‌ಝೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ಉಂಡು ಹಾಸಿಗೆ ಹಿಡಿದರು, ಮೂವರು ಸತ್ತರು. ಗೆಂಟ್ ನಗರದ ಪ್ರಾಧ್ಯಾಪಕ ಎಮಿಲ್ ಫಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ರೋಗಕಾರಕ ಜೀವಾಣುವನ್ನು ಹಿಡಿದು 1897ರಲ್ಲಿ ಪ್ರಕಟಿಸಿದ. ಗಾಳಿಯಿಲ್ಲದೆಡೆ ಬೆಳೆಯುವ ಜೀವಾಣು ಅದು. ಮಣ್ಣಿನಲ್ಲಿ ಬೀಜದಂತೆ ಮಲಗಿರಬಲ್ಲದು. ಬರಿಯ ಕುದಿಸುವಿಕೆಗೆ ಆ ಬೀಜ ಸಾಯುವುದಿಲ್ಲ.

ಇಲ್ಲಿ ಮನೆಯ ಹಿರಿಯರಿಗೊಂದು ಮಾತು. ಆ ಬೀಜ ಕೆಲವೊಮ್ಮೆ ಜೇನುತುಪ್ಪದಲ್ಲಿ ಇರುತ್ತದೆ. ದೊಡ್ಡವರ ಕರುಳಿನಲ್ಲಿ ಅದು ಮೊಳೆಯದು. ಹಸುಗೂಸಿನ ಕರುಳಿನಲ್ಲಿ ಮೊಳೆತು ನಂಜು ಕಾರಬಲ್ಲದು. 1976ರಲ್ಲಿ ವೈದ್ಯರು ಇದನ್ನು ಗುರುತಿಸಿದರು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಒಂದು ವರ್ಷ ತುಂಬುವವರೆಗೆ ಅದನ್ನು ನಿಲ್ಲಿಸಿದರೆ ಶಾಸ್ತ್ರಕ್ಕೇನೂ ಲೋಪವಾಗದು, ಮಗುವಿಗೆ ಕ್ಷೇಮ.

ಇರಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಈ ನಂಜನ್ನು ಆಯುಧವೆಂದು ಅಭ್ಯಾಸ ಮಾಡಿತು. ಅಲ್ಲಿಯ ವಿಜ್ಞಾನಿಗಳು 1946ರಲ್ಲಿ ಅದನ್ನು ಶುದ್ಧವಾದ ಹರಳಿನ ರೂಪದಲ್ಲಿ ಪಡೆದರು. ಆ ಬಳಗದ ಎಡ್ವರ್ಡ್ ಶಾಂಟ್ಸ್ ಮುಂದೆ ಇದೇ ನಂಜನ್ನು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಎಂಬವರಿಗೆ ಒದಗಿಸಿದರು. ಮೆಳ್ಳೆಗಣ್ಣನ್ನು ಶಸ್ತ್ರವಿಲ್ಲದೆ ಸರಿಪಡಿಸಬೇಕೆಂಬುದು ಸ್ಕಾಟರ ಹಂಬಲ. ಒಂದು ಕಡೆಗೆ ಎಳೆಯುವ ಸ್ನಾಯುವನ್ನು ಸ್ವಲ್ಪ ಸಡಿಲಿಸಿದರೆ ಕಣ್ಣು ನೆಟ್ಟಗಾಗುತ್ತದಲ್ಲವೆ? 1973ರಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿ, ಆ ದಶಕದ ಕೊನೆಯಲ್ಲಿ ಮನುಷ್ಯರಿಗೆ ಹಾಕಿದರು. 1989ರಲ್ಲಿ ಅಮೆರಿಕದ ಸರ್ಕಾರ ಎರಡು ರೋಗಗಳಿಗೆ ಇದನ್ನು ಅಂಗೀಕರಿಸಿತು: ಮೆಳ್ಳೆಗಣ್ಣು ಒಂದು, ನನ್ನ ರೆಪ್ಪೆಯ ಸೆಡೆತ ಇನ್ನೊಂದು.

ಹುಬ್ಬುಗಂಟಿನ ಚಿಕಿತ್ಸೆ ಹುಟ್ಟಿದ್ದು ನನ್ನದೇ ರೋಗದ ಮಗ್ಗುಲಲ್ಲಿ. ಕೆನಡಾದ ವ್ಯಾಂಕೂವರಿನ ಜೀನ್ ಕ್ಯಾರದರ್ಸ್ ಎಂಬಾಕೆ ಕಣ್ಣಿನ ವೈದ್ಯೆ. ಆಕೆಯ ಪತಿ ಅಲಸ್ಟೇರ್ ಚರ್ಮವೈದ್ಯರು. 1987ರಲ್ಲಿ ರೆಪ್ಪೆಯ ಸೆಡೆತದ ಒಬ್ಬ ಮಹಿಳೆ, ಈ ಸಲ ಹುಬ್ಬುಗಳ ನಡುವೆ ಏಕೆ ಸೂಜಿ ಹಾಕಲಿಲ್ಲವೆಂದು ಜೀನ್ ಅವರಲ್ಲಿ ಆಕ್ಷೇಪಿಸಿದಳು. ಅಲ್ಲಿ ಹಾಕಿದಾಗಲೆಲ್ಲ ತನ್ನ ಮುಖದ ದುಗುಡ ಹೋಗಿ ಪ್ರಸನ್ನವಾಗುತ್ತದೆಂಬುದು ಅವಳ ಮಾತಿನ ಸಾರಾಂಶ. ವೈದ್ಯೆ ಆ ಮಾತನ್ನು ಮನೆಗೆ ಕೊಂಡೊಯ್ದು ಪತಿಗೆ ಹೇಳಿದರು. ಹುಬ್ಬುಗಂಟನ್ನು ಹೇಗೆ ಸಡಿಲಿಸಬಹುದೆಂದು ಚರ್ಮವೈದ್ಯರೂ ಹುಡುಕುತ್ತಿದ್ದ ಕಾಲ ಅದು. ಅವರ ಚಿಕಿತ್ಸಾಲಯದ ಸ್ವಾಗತಕಾರಿಣಿಯೇ ಮೊದಲು ಹಣೆಯೊಡ್ಡಿದಳು. ದಂಪತಿಗಳ ಪ್ರಬಂಧ 1992ರಲ್ಲಿ ಪ್ರಕಟವಾಯಿತು. 2002ರಲ್ಲಿ ಅಮೆರಿಕದಲ್ಲಿ ಹುಬ್ಬುಗಳ ನಡುವಿನ ಗೆರೆಗೆ ಅನುಮತಿ ದೊರೆಯಿತು. ಮುಂದೆ 2013ರಲ್ಲಿ ಕಣ್ಣಂಚಿನ ಗೆರೆಗಳಿಗೆ, 2017ರಲ್ಲಿ ಹಣೆಯ ಅಡ್ಡಗೆರೆಗಳಿಗೆ, 2024ರಲ್ಲಿ ಕತ್ತಿನ ಪಟ್ಟಿಗಳಿಗೆ.

ಇದು ಮಾಡುವ ಕೆಲಸವೇನು? ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ತುಂಬಿಕೊಂಡ ಅತಿ ಸಣ್ಣ ಚೀಲಗಳಿವೆ. ಮನಸ್ಸು ಆಜ್ಞೆ ಕಳಿಸಿದಾಗ ಅವು ನರದ ಅಂಚಿಗೆ ಬಂದು ಬಾಯಿ ತೆರೆಯುತ್ತವೆ; ದ್ರವ್ಯ ಹೊರಬಿದ್ದು ಸ್ನಾಯುವನ್ನು ಮುಟ್ಟಿದರೆ ಸ್ನಾಯು ಸಂಕುಚಿತವಾಗುತ್ತದೆ. ಚೀಲವನ್ನು ಅಂಚಿಗೆ ಎಳೆದು ಕಟ್ಟುವ ಹುರಿಯಂಥ ಒಂದು ಪ್ರೋಟೀನನ್ನು ಈ ನಂಜು ಕತ್ತರಿಸಿಬಿಡುತ್ತದೆ. ಓಲೆ ಬರೆದದ್ದಾಗಿದೆ, ಓಲೆಕಾರನೂ ಹೊರಟಿದ್ದಾನೆ, ಬಾಗಿಲು ಮಾತ್ರ ತೆರೆಯದು. ಸ್ನಾಯು ತನಗೆ ಯಾವ ಅಪ್ಪಣೆಯೂ ಬಂದಿಲ್ಲವೆಂದು ಸುಮ್ಮನಿರುತ್ತದೆ. ಮೇಲಿನ ಚರ್ಮ ಮಡಿಚಿಕೊಳ್ಳದೆ ಸಮವಾಗುತ್ತದೆ. ಎರಡು ಮೂರು ದಿನಗಳಲ್ಲಿ ತೊಡಗಿ ಸುಮಾರು ಎರಡು ವಾರಕ್ಕೆ ಪೂರ್ಣಬಲಕ್ಕೆ ಬಂದು, ಮೂರು ನಾಲ್ಕು ತಿಂಗಳಲ್ಲಿ ನರ ಮತ್ತೆ ಚೇತರಿಸಿಕೊಳ್ಳುತ್ತದೆ. ಶಾಶ್ವತವಾಗಿ ಯಾವುದೂ ಅಳಿಯುವುದಿಲ್ಲ.

ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ಬೊಟಾಕ್ಸಿನ ನೂರು ಯೂನಿಟ್ಟಿನ ಒಂದು ಸೀಸೆಯಲ್ಲಿ ನಂಜು ಮತ್ತು ಅದರ ಜೊತೆಯ ಪ್ರೋಟೀನುಗಳೆಲ್ಲ ಸೇರಿ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ಐದು ಪಾಲಿನಷ್ಟು ಇರುತ್ತದೆ. ಕಣ್ಣಿಗೆ ಸೀಸೆ ಬರಿದಾಗಿಯೇ ಕಾಣುತ್ತದೆ. ಅದಕ್ಕೆ ಲವಣಜಲ ಬೆರೆಸಿ, ಹುಬ್ಬುಗಳ ನಡುವೆ ಐದು ಕಡೆ ನಾಲ್ಕು ನಾಲ್ಕು ಯೂನಿಟ್ಟಿನಂತೆ ಒಟ್ಟು ಇಪ್ಪತ್ತು ಯೂನಿಟ್ ಹಾಕುವುದು ವಾಡಿಕೆ. ಬೇರೆ ಬೇರೆ ತಯಾರಿಕೆಗಳ ಯೂನಿಟ್ಟುಗಳು ಒಂದಕ್ಕೊಂದು ಸಮವಲ್ಲ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ನಂಜು ಉಂಡವನನ್ನೇ ನಂಜುಂಡನೆಂದು ಪೂಜಿಸಿ, ಕಾಯಿಲೆ ಬಂದರೆ ನಂಜನಗೂಡಿಗೆ ಹರಕೆ ಹೊರುವ ನಾಡು ನಮ್ಮದು. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಔಷಧವಾಗುತ್ತದೆಂದು ಚರಕಸಂಹಿತೆ ಹೇಳುತ್ತದೆ. ಯುಕ್ತಿಯೆಂದರೆ ಇಲ್ಲಿ ಅಳತೆ. ಕನ್ನಡದಲ್ಲಿ ವೈದ್ಯರು ಕೊಡುವ ಗುಳಿಗೆಗೂ ಮಾತ್ರೆ ಎನ್ನುತ್ತೇವೆ, ಛಂದಸ್ಸಿನ ಅಳತೆಗೂ ಮಾತ್ರೆ ಎನ್ನುತ್ತೇವೆ. ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಲಯ ಎಡವುತ್ತದೆ. ಇಲ್ಲಿ ತುಸು ಹೆಚ್ಚಾದರೆ, ಅಥವಾ ಸೂಜಿ ಬೆರಳಗಲ ಆಚೆ ಹೋದರೆ, ರೆಪ್ಪೆ ವಾರಗಟ್ಟಲೆ ಜೋತುಬೀಳಬಹುದು. ಹಣೆಯ ಸ್ನಾಯು ಪೂರ್ಣ ಸೋತು ಹುಬ್ಬು ಕಣ್ಣಿನ ಮೇಲೆ ಭಾರವಾಗಿ ಕೂರಬಹುದು. ನಂಜು ಹಾಕಿದೆಡೆಯಿಂದ ಹರಡಿ ನುಂಗುವುದಕ್ಕೂ ಉಸಿರಾಟಕ್ಕೂ ತೊಂದರೆಯಾಗಬಹುದೆಂದು ಅಮೆರಿಕದ ಔಷಧ ಇಲಾಖೆ 2009ರಲ್ಲಿ ಕಟ್ಟೆಚ್ಚರದ ಬರಹವನ್ನು ಸೀಸೆಯ ಜೊತೆಗೆ ಕಡ್ಡಾಯ ಮಾಡಿತು. 2024ರಲ್ಲಿ ಆ ದೇಶದ ಹಲವು ರಾಜ್ಯಗಳಲ್ಲಿ ನಕಲಿ ಮದ್ದು ಹಾಕಿಸಿಕೊಂಡವರು ಆಸ್ಪತ್ರೆ ಸೇರಿದರು. ಗರ್ಭಿಣಿಯರೂ, ನರ-ಸ್ನಾಯುಗಳ ದುರ್ಬಲತೆಯ ರೋಗವಿರುವವರೂ ಇದರ ಗೊಡವೆಗೆ ಹೋಗಬಾರದು. ಅಲಂಕಾರದ ಅಂಗಡಿಯಲ್ಲಿ ಹಬ್ಬದ ರಿಯಾಯಿತಿಗೆ ಹಾಕಿಸಿಕೊಳ್ಳುವ ವಸ್ತು ಇದಲ್ಲ. ಮುಖದ ಸ್ನಾಯುಗಳನ್ನು ಬಲ್ಲ, ತರಬೇತಿ ಪಡೆದ ವೈದ್ಯರ ಕೈಯಲ್ಲಿಯೇ ಆಗಬೇಕು.

ಇಷ್ಟು ವೈದ್ಯಶಾಸ್ತ್ರ. ಸಾಹಿತ್ಯ ಓದುವವರನ್ನು ಕಾಡುವ ಪ್ರಶ್ನೆ ಇದರಾಚೆಗಿದೆ. ಹುಬ್ಬು ಬರಿಯ ಚರ್ಮವೇ? ಭರತನ ನಾಟ್ಯಶಾಸ್ತ್ರ ಹುಬ್ಬಿನ ಚಲನೆಗಳನ್ನೇ ಏಳು ಬಗೆಯಾಗಿ ಎಣಿಸುತ್ತದೆ. ಅವುಗಳಲ್ಲೊಂದಾದ ಭ್ರುಕುಟಿಯನ್ನು ಕ್ರೋಧಕ್ಕೆ ಮೀಸಲಿಡುತ್ತದೆ. ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲಿ ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ಚಿತ್ರ ತೆಗೆದು, ಹುಬ್ಬನ್ನು ನಡುವಿಗೆ ಎಳೆಯುವ ಸ್ನಾಯುವಿಗೆ ನೋವಿನ ಸ್ನಾಯು ಎಂದೇ ಹೆಸರಿಟ್ಟ. ಡಾರ್ವಿನ್ 1872ರಲ್ಲಿ ಭಾವಪ್ರಕಟನೆಯ ಬಗ್ಗೆ ಬರೆದ ಗ್ರಂಥದಲ್ಲಿ ಆ ಚಿತ್ರಗಳನ್ನು ಬಳಸಿಕೊಂಡ. ಭಾವವನ್ನು ಹೊರಗೆ ತೋರಿಸಿದರೆ ಅದು ಒಳಗೆ ಬಲಿಯುತ್ತದೆ, ಅಡಗಿಸಿದರೆ ಮೆತ್ತಗಾಗುತ್ತದೆ ಎಂಬ ಅರ್ಥದ ಮಾತನ್ನೂ ಸೇರಿಸಿದ.

ಈ ಮಾತನ್ನು ಪರೀಕ್ಷಿಸಲು ನಮ್ಮ ಕಾಲದಲ್ಲಿ ಬೊಟಾಕ್ಸೇ ಸಾಧನವಾಯಿತು. 2010ರಲ್ಲಿ ಡೇವಿಡ್ ಹವಾಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹುಬ್ಬುಗಂಟಿಗೆ ಮೊದಲ ಸಲ ಸೂಜಿ ಹಾಕಿಸಿಕೊಳ್ಳಲು ಬಂದ ಮಹಿಳೆಯರಿಗೆ ಕೆಲವು ವಾಕ್ಯಗಳನ್ನು ಓದಲು ಕೊಟ್ಟರು: ಕೆಲವು ಸಂತೋಷದವು, ಕೆಲವು ದುಃಖದವು, ಕೆಲವು ಕೋಪದವು. ಎರಡು ವಾರ ಕಳೆದು, ಹುಬ್ಬು ಗಂಟಿಕ್ಕಲಾಗದಿದ್ದಾಗ, ಅಂಥವೇ ವಾಕ್ಯಗಳನ್ನು ಮತ್ತೆ ಓದಿಸಿದರು. ಸಂತೋಷದ ವಾಕ್ಯಗಳು ಮುಂಚಿನಂತೆಯೇ ಸಾಗಿದವು. ದುಃಖದ ಮತ್ತು ಕೋಪದ ವಾಕ್ಯಗಳನ್ನು ಓದಿ ಅರ್ಥ ಮಾಡಿಕೊಳ್ಳಲು ತುಸು ಹೆಚ್ಚು ಹೊತ್ತು ಹಿಡಿಯಿತು. ಅಂತರ ಕ್ಷಣದೊಂದು ಪಾಲು ಮಾತ್ರ. ಮುಖಭಾವ ಮನೋಭಾವವನ್ನು ಎಷ್ಟರಮಟ್ಟಿಗೆ ರೂಪಿಸುತ್ತದೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೂ ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದನ್ನು ಓದಿ ಮೈ ಜುಮ್ಮೆಂದಿತು. ತರಗತಿಯಲ್ಲಿ ಕರುಣರಸದ ಭಾಗವನ್ನು ಓದುವಾಗ ಮುಂದಿನ ಬೆಂಚಿನ ಹುಬ್ಬುಗಳು ಮೆಲ್ಲನೆ ಕೂಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಪದ್ಯ ಅವರನ್ನು ಮುಟ್ಟಿತೆಂಬುದಕ್ಕೆ ಅದೇ ನನಗೆ ಗುರುತಾಗಿತ್ತು. ಓದುವ ಕೆಲಸದಲ್ಲಿ ಹುಬ್ಬಿಗೂ ಒಂದು ಪಾಲಿರಬಹುದೆಂದು ಆಗ ಹೊಳೆದಿರಲಿಲ್ಲ.

ಮರುವರ್ಷ ಅದೇ ಮೊಗಸಾಲೆಯಲ್ಲಿ ಆ ವಿದ್ಯಾರ್ಥಿನಿ ಮತ್ತೆ ಸಿಕ್ಕಿದಳು. ಕೌಂಟರಿನವರು ಈಗ ಕೋಪದ ಮಾತೆತ್ತುವುದಿಲ್ಲವಂತೆ. ಮಗ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾನಂತೆ. “ಬೆಳಗ್ಗೆ ಕನ್ನಡಿಯಲ್ಲಿ ಆಸ್ಪತ್ರೆಯ ಮುಖ ಕಾಣುವುದಿಲ್ಲ ಸಾರ್, ಅದೊಂದು ನೆಮ್ಮದಿ” ಎಂದಳು. ತುಸು ತಡೆದು ಇನ್ನೊಂದನ್ನು ಹೇಳಿದಳು. ಕಳೆದ ಸಲ ಸೂಜಿ ಹಾಕಿಸಿಕೊಂಡ ತಿಂಗಳೊಳಗೆ ತಾಯಿಯ ತಿಥಿ ಬಂದಿತ್ತು. ಎಡೆ ಇಡುವಾಗ ಅವಳಿಗೆ ಅಳು ಒತ್ತರಿಸಿತು, ಕಣ್ಣೀರೂ ಬಂತು. ಆದರೆ ಚಿಕ್ಕಮ್ಮ ಅವಳ ಮುಖ ನೋಡಿ, ‘ಹಬ್ಬದ ಅಡುಗೆ ಬಡಿಸುವವಳ ಹಾಗಿದ್ದೀಯಲ್ಲೇ’ ಎಂದರಂತೆ. ಚಿಕ್ಕಮ್ಮ ನೋಯಿಸಬೇಕೆಂದು ಅಂದದ್ದಲ್ಲ. ಅವರು ಕಂಡದ್ದನ್ನು ಅಂದರು.

“ಹಾಗಾದರೆ ಬಿಟ್ಟುಬಿಡಬೇಕೆಂದು ಬಂದಿದ್ದೀಯೇನಮ್ಮ?” ಎಂದೆ.

“ಇಲ್ಲ ಸಾರ್. ಈ ಸಲ ತಿಂಗಳು ಎಣಿಸಿಕೊಂಡು ಬಂದಿದ್ದೇನೆ. ತಿಥಿಗೆ ಇನ್ನೂ ಐದು ತಿಂಗಳಿದೆ. ಅಷ್ಟರಲ್ಲಿ ಮದ್ದು ಇಳಿದಿರುತ್ತದೆ.”

ಮೊದಲ ದಿನ ಮನಸ್ಸಿನಲ್ಲಿ ಅವಳನ್ನು ಚಪಲದವಳೆಂದು ಬಗೆದದ್ದಕ್ಕೆ ನನಗೆ ನಾಚಿಕೆಯಾಯಿತು. ನಮ್ಮ ಮುಖ ನಮಗೆ ಕಾಣುವುದು ಕನ್ನಡಿಯಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಅದನ್ನು ಓದುವವರು ಇತರರು. ತಪ್ಪಾಗಿ ಓದುವಂತಾದ ಒಂದು ಗೆರೆಯನ್ನು ತಿದ್ದಿಕೊಳ್ಳುವ ಹಕ್ಕು ಮುಖದ ಒಡೆಯರಿಗೆ ಇರಬೇಕಾದದ್ದೇ. ರೆಪ್ಪೆಯನ್ನು ತಿದ್ದಿಸಿಕೊಂಡ ನಾನು ಹುಬ್ಬನ್ನು ತಿದ್ದಿಸಿಕೊಂಡವಳನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಇನ್ನೂ ಗೆರೆಯೇ ಮೂಡದ ಇಪ್ಪತ್ತೈದರ ಹುಡುಗಿಯರಿಗೆ ಮುಂದೆ ಮೂಡೀತೆಂದು ಹೆದರಿಸಿ ಸೂಜಿಯತ್ತ ಕರೆಯುವ ಜಾಹೀರಾತು ಕಂಡಾಗ ಮಾತ್ರ ನನ್ನ ಹುಬ್ಬು ಗಂಟಿಕ್ಕುತ್ತದೆ. ಆ ಗಂಟನ್ನು ಬಿಚ್ಚಿಸಿಕೊಳ್ಳುವ ಇಚ್ಛೆ ನನಗಿಲ್ಲ.

ಅಂದು ನನ್ನ ಸರದಿ ಮೊದಲು ಬಂತು. ಒಳಗೆ ಹೋಗಿ ಕಣ್ಣು ಮುಚ್ಚಿ ಕುಳಿತೆ. ಹೊರಬಂದಾಗ ಆಕೆ ಮೊಗಸಾಲೆಯ ಬೆಂಚಿನಲ್ಲಿ ಪುಸ್ತಕವೊಂದನ್ನು ಓದುತ್ತಿದ್ದಳು. ಹುಬ್ಬುಗಳು ತುಸು ಕೂಡಿಕೊಂಡಿದ್ದವು. ಯಾವ ಪುಸ್ತಕವೆಂದು ಕೇಳಲಿಲ್ಲ. ಮಾತನಾಡಿಸಿ ತೊಂದರೆ ಕೊಡಬಾರದೆಂದು ಮೆಲ್ಲನೆ ಹೊರಟುಬಂದೆ.